ಅಮೆರಿಕದಲ್ಲಿ ರೇಡಾನ್ ಟೆಸ್ಟಿಂಗ್, ಮಿಟಿಗೇಶನ್ ಸರ್ಟಿಫಿಕೇಟ್ ಪಡೆಯುವುದು ಹೇಗೆ

ಅಮೆರಿಕದಲ್ಲಿ ಮನೆ ಕೊಂಡವರಿಗೆಲ್ಲ ರೇಡಾನ್ ಎಂಬ, ನೆಲದಿಂದ ಮನೆಯೊಳಗೆ ಸೇರುವ ವಿಕಿರಣ ಅನಿಲದ ಹೆಸರು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಇನ್‌ಸ್ಪೆಕ್ಷನ್ ಸಮಯದಲ್ಲಿ ಯಾರೋ ಬಂದು ಬೇಸ್‌ಮೆಂಟಿನಲ್ಲಿ ಒಂದು ಡಬ್ಬಿ ಇಟ್ಟು ಹೋಗುತ್ತಾರೆ, ಎರಡು ದಿನ ಬಿಟ್ಟು ತೆಗೆದುಕೊಂಡು ಹೋಗುತ್ತಾರೆ, ರಿಪೋರ್ಟಿನಲ್ಲಿ ಒಂದು ನಂಬರ್ ಬರುತ್ತದೆ. 4ಕ್ಕಿಂತ ಕಡಿಮೆ ಇದ್ದರೆ ಸಮಾಧಾನ. ಜಾಸ್ತಿ ಇದ್ದರೆ ಮಾರುವವರ ಜೊತೆ ಚೌಕಾಸಿ. ಆ ಡಬ್ಬಿ ಇಡುವುದಕ್ಕೂ (ಟೆಸ್ಟಿಂಗ್), ಆ ನಂಬರ್ ಇಳಿಸುವುದಕ್ಕೂ (ಮಿಟಿಗೇಶನ್) ಕಲಿತವರು ಬೇಕು, ಬಹಳ ಕಡೆ ಲೈಸೆನ್ಸೂ ಬೇಕು. ಐಟಿ ಬಿಟ್ಟು ಬೇರೆ ಏನಾದರೂ ಮಾಡೋಣ ಎನ್ನುವವರು, ಮಕ್ಕಳು ಶಾಲೆಗೆ ಹೋದ ಮೇಲೆ ನಾಲ್ಕು ಗಂಟೆ ಬಿಡುವಿರುವವರು, ಈಗಾಗಲೇ ಹೋಮ್ ಇನ್‌ಸ್ಪೆಕ್ಷನ್ ಮಾಡುತ್ತಿರುವವರು ಇದರ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ಟಿಫಿಕೇಟ್ ಸಿಗುವುದು ಕಷ್ಟವಲ್ಲ. ದಿನಾ ಅದೇ ಶಿಸ್ತಿನಲ್ಲಿ ಅಳೆಯುವುದು, ಬರೆದಿಡುವುದು, ನೀವು ಇಲ್ಲದಾಗ ಆ ಮನೆಯಲ್ಲಿ ಏನಾಯಿತು ಎಂದು ಕಾಗದ ನೋಡಿ ಹೇಳುವುದು, ಅದು ಕಷ್ಟ. ಅದು ನಿಮಗೆ ಒಗ್ಗುತ್ತದೆಯೇ ನೋಡಿಕೊಂಡು ದುಡ್ಡು ಹಾಕಿ.

ಎಲ್ಲಕ್ಕೂ ಮೊದಲು ವೀಸಾ

ಇಂಗ್ಲಿಷ್ ಗೈಡುಗಳಲ್ಲಿ ಇದು ಇರುವುದಿಲ್ಲ, ನಮ್ಮವರಿಗೆ ಮೊದಲ ಪ್ರಶ್ನೆಯೇ ಇದು. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇರುವವರು ತಮ್ಮನ್ನು ಸ್ಪಾನ್ಸರ್ ಮಾಡಿದ ಕಂಪನಿಗೆ ಮಾತ್ರ ಕೆಲಸ ಮಾಡಬೇಕು. ಶನಿವಾರ ಭಾನುವಾರ ತಾನೇ, ಸ್ನೇಹಿತರ ಮನೆ ತಾನೇ ಎಂದು ದುಡ್ಡು ತೆಗೆದುಕೊಂಡು ಟೆಸ್ಟ್ ಮಾಡಿದರೆ ಅದು ಅನುಮತಿ ಇಲ್ಲದ ಕೆಲಸ. ನಾಳೆ ಗ್ರೀನ್ ಕಾರ್ಡಿನ ಹೊತ್ತಿಗೆ ಅದೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಫ್-1 ವಿದ್ಯಾರ್ಥಿಗಳೂ ಹಾಗೇ ಸುಮ್ನೆ ಶುರು ಮಾಡುವಂತಿಲ್ಲ. ಎಚ್-4 (ಎಚ್-1ಬಿಯವರ ಗಂಡ ಅಥವಾ ಹೆಂಡತಿಯ ವೀಸಾ) ಇದ್ದು ಇಎಡಿ, ಅಂದರೆ ಕೆಲಸದ ಅನುಮತಿಯ ಕಾರ್ಡ್ ಇರುವವರು, ಗ್ರೀನ್ ಕಾರ್ಡಿನವರು, ಸಿಟಿಜನ್ ಆದವರು ಆರಾಮಾಗಿ ಮಾಡಬಹುದು. ಗಂಡನ ಹೆಸರಿನಲ್ಲಿ ಸರ್ಟಿಫಿಕೇಟ್, ಹೆಂಡತಿ ಹೆಸರಿನಲ್ಲಿ ಎಲ್‌ಎಲ್‌ಸಿ ಕಂಪನಿ ಎಂಬ ಜಾಣತನಕ್ಕೆ ಹೋಗಬೇಡಿ, ಯಾಕೆಂದರೆ ರಿಪೋರ್ಟಿಗೆ ಸಹಿ ಹಾಕುವವರು, ಮನೆಗೆ ಹೋಗಿ ಡಬ್ಬಿ ಇಡುವವರು ಯಾರು ಎಂಬುದು ದಾಖಲೆಯಲ್ಲಿ ಇರುತ್ತದೆ. ಅನುಮಾನ ಇದ್ದರೆ ಇಮಿಗ್ರೇಶನ್ ವಕೀಲರಿಗೆ ಒಂದು ಫೋನ್ ಮಾಡಿ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ.

ಅಳೆಯುವುದು ಏನನ್ನು

ಮಣ್ಣಿನಲ್ಲಿ, ಬಂಡೆಯಲ್ಲಿ ಸ್ವಲ್ಪ ಯುರೇನಿಯಂ ಎಲ್ಲ ಕಡೆ ಇರುತ್ತದೆ. ಅದು ವಿಕಿರಣ ಬಿಡುತ್ತಾ ಕ್ಷಯಿಸಿ ರೇಡಿಯಂ ಆಗಿ, ರೇಡಿಯಂ ರೇಡಾನ್ ಅನಿಲ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅರ್ಧಾಯುಷ್ಯ 3.8 ದಿನ, ಅಂದರೆ ಮಣ್ಣಿನಿಂದ ಮೇಲೆದ್ದು ಮನೆಯೊಳಗೆ ಬರುವಷ್ಟು ಸಮಯ ಅದಕ್ಕೆ ಧಾರಾಳವಾಗಿ ಇದೆ. ಪುಪ್ಪುಸಕ್ಕೆ ಪೆಟ್ಟು ಕೊಡುವುದು ಹೆಚ್ಚಾಗಿ ರೇಡಾನ್ ಅಲ್ಲ, ಅದರಿಂದ ಹುಟ್ಟುವ ಪೊಲೋನಿಯಂ. ಅದು ಧೂಳಿಗೆ ಅಂಟಿಕೊಂಡು ಒಳಗೆ ಹೋಗಿ ಅಲ್ಲೇ ಆಲ್ಫಾ ಕಣ ಬಿಡುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನ್‌ನಿಂದ ಬರುವ ಪುಪ್ಪುಸದ ಕ್ಯಾನ್ಸರಿಗೆ ಬಲಿಯಾಗುತ್ತಾರೆ ಎಂದು ಅಲ್ಲಿನ ಪರಿಸರ ಸಂಸ್ಥೆ ಇಪಿಎ ಅಂದಾಜು ಮಾಡಿದೆ. ಸಿಗರೇಟಿನ ನಂತರದ ಕಾರಣ ಇದೇ. ಸಿಗರೇಟು ಸೇದುವವರಿಗೆ ಎರಡೂ ಸೇರಿ ಅಪಾಯ ಇನ್ನೂ ಜಾಸ್ತಿ.

ಇಪಿಎ ಹೇಳುವ ಮಿತಿ ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣದ ಒಂದು ಮಾನ). ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರಿಮಾಡಿಸಿ, 2ರಿಂದ 4ರ ನಡುವೆ ಇದ್ದರೆ ಯೋಚಿಸಿ ಎನ್ನುತ್ತದೆ. ಹೊರಗಿನ ಗಾಳಿಯಲ್ಲಿ ಸರಾಸರಿ 0.4, ಅಮೆರಿಕದ ಮನೆಗಳೊಳಗೆ ಸರಾಸರಿ 1.3. ಪ್ರತಿ 15 ಮನೆಗಳಲ್ಲಿ ಒಂದರಲ್ಲಿ 4 ದಾಟಿರುತ್ತದೆ. 4ರ ಕೆಳಗೆ ಇದ್ದರೆ ಅಪಾಯ ಸೊನ್ನೆ ಎಂದಲ್ಲ. ಇದನ್ನು ಗಿರಾಕಿಗೆ ಹೇಳುವುದು ನಿಮ್ಮ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಕೆಳಗಿನ ಮಿತಿ ಹೇಳುತ್ತದೆ, ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣದ ಇನ್ನೊಂದು ಮಾನ). ಅದು ಲೀಟರಿಗೆ ಸುಮಾರು 2.7 ಪಿಕೋಕ್ಯೂರಿ ಆಗುತ್ತದೆ.

ಈ ಕಸುಬು ಹುಟ್ಟಿದ ಕಥೆ ಎಲ್ಲ ಕೋರ್ಸುಗಳಲ್ಲೂ ಬರುತ್ತದೆ. 1984ರಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಕೆಲಸ ಮಾಡುತ್ತಿದ್ದರು. ಅಲ್ಲಿನ ವಿಕಿರಣ ಅಲಾರಂ ಅವರನ್ನು ಕಂಡರೆ ಬಡಿದುಕೊಳ್ಳುತ್ತಿತ್ತು. ಕೆಲಸ ಮುಗಿಸಿ ಹೋಗುವಾಗ ಅಲ್ಲ, ಬೆಳಿಗ್ಗೆ ಮನೆಯಿಂದ ಬರುವಾಗಲೇ. ಮನೆ ಪರೀಕ್ಷಿಸಿದರೆ ಸುಮಾರು 2,700 ಪಿಕೋಕ್ಯೂರಿ. ಆಮೇಲೆ ಸಂಸತ್ತು 1988ರಲ್ಲಿ ಕಾನೂನು ಮಾಡಿತು, ಇಪಿಎ ತಾನೇ ಪರೀಕ್ಷಕರಿಗೆ ಅರ್ಹತೆ ಕೊಡುವ ಕಾರ್ಯಕ್ರಮ ನಡೆಸಿತು, 1998ರಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ಯಾರಾದರೂ ಇವತ್ತು “ನನಗೆ ಇಪಿಎ ಸರ್ಟಿಫಿಕೇಟ್ ಇದೆ” ಎಂದರೆ ನಂಬಬೇಡಿ. ನೀವೂ ವಿಸಿಟಿಂಗ್ ಕಾರ್ಡಿನಲ್ಲಿ ಹಾಗೆ ಹಾಕಿಕೊಳ್ಳಬೇಡಿ.

ಸರ್ಟಿಫಿಕೇಟ್ ಒಂದು, ಲೈಸೆನ್ಸ್ ಇನ್ನೊಂದು

ಇಲ್ಲೇ ಹೆಚ್ಚು ಜನ ಗೊಂದಲ ಮಾಡಿಕೊಳ್ಳುತ್ತಾರೆ. ದೇಶಕ್ಕೆಲ್ಲ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಎರಡು, ಎನ್‌ಆರ್‌ಪಿಪಿ (ನ್ಯಾಷನಲ್ ರೇಡಾನ್ ಪ್ರೊಫಿಶಿಯನ್ಸಿ ಪ್ರೋಗ್ರಾಂ) ಮತ್ತು ಎನ್‌ಆರ್‌ಎಸ್‌ಬಿ (ನ್ಯಾಷನಲ್ ರೇಡಾನ್ ಸೇಫ್ಟಿ ಬೋರ್ಡ್). ಎರಡೂ ಸರ್ಕಾರಿ ಅಲ್ಲ. ಅದರ ಮೇಲೆ, ನೀವಿರುವ ರಾಜ್ಯ ತನ್ನದೇ ಲೈಸೆನ್ಸ್ ಕೇಳಬಹುದು. ಇಲಿನಾಯ್, ಒಹಾಯೊ, ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಅಯೋವಾ, ಫ್ಲೋರಿಡಾ ಇವೆಲ್ಲ ಕೇಳುತ್ತವೆ. ಮಿನ್ನೆಸೋಟ 2019ರಿಂದ, ಕೊಲೊರಾಡೊ 2022ರಿಂದ ಶುರು ಮಾಡಿಕೊಂಡವು. ಟೆಕ್ಸಾಸ್, ಮಿಶಿಗನ್‌ನಂಥ ಕಡೆ ರಾಜ್ಯದ ರೇಡಾನ್ ಲೈಸೆನ್ಸ್ ಇಲ್ಲ. ಅಲ್ಲಿ ರಾಷ್ಟ್ರೀಯ ಸರ್ಟಿಫಿಕೇಟೇ ನಿಮ್ಮ ಗುರುತು. ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಏನೂ ಕಲಿಯದೆ ಡಬ್ಬಿ ಹಿಡಿದು ಹೊರಡುವವರೂ ಅಲ್ಲಿ ಇರುತ್ತಾರೆ. ಗಿರಾಕಿಗಳಿಗೆ ವ್ಯತ್ಯಾಸ ಗೊತ್ತಿರುವುದಿಲ್ಲ, ರಿಯಲ್ಟರ್‌ಗಳಿಗೆ, ಅಂದರೆ ಮನೆ ಮಾರಾಟದ ಏಜೆಂಟರಿಗೆ, ಗೊತ್ತಿರುತ್ತದೆ.

ಹಾಗಾಗಿ ಮೊದಲು ಮಾಡಬೇಕಾದ್ದು ನಿಮ್ಮ ರಾಜ್ಯದ ರೇಡಾನ್ ಕಚೇರಿಯ ಪುಟ ತೆಗೆದು ಓದುವುದು. ಒಂದೊಂದು ರಾಜ್ಯದಲ್ಲಿ ಅದು ಒಂದೊಂದು ಇಲಾಖೆಯ ಕೆಳಗೆ ಇರುತ್ತದೆ. ಒಹಾಯೊದಲ್ಲಿ ಆರೋಗ್ಯ ಇಲಾಖೆ, ಪೆನ್ಸಿಲ್ವೇನಿಯಾ ಮತ್ತು ನ್ಯೂಜೆರ್ಸಿಯಲ್ಲಿ ಪರಿಸರ ಇಲಾಖೆ, ಇಲಿನಾಯ್‌ನಲ್ಲಿ ತುರ್ತುಸ್ಥಿತಿ ನಿರ್ವಹಣೆಯ ಏಜೆನ್ಸಿ. ಯಾವ ಕೋರ್ಸನ್ನು ಅವರು ಒಪ್ಪುತ್ತಾರೆ, ಯಾವ ಪರೀಕ್ಷೆ, ಅನುಭವ ಬೇಕಾ, ಇನ್ಶೂರೆನ್ಸ್ ಕಾಗದ ಬೇಕಾ, ಗುಣಮಟ್ಟದ ಯೋಜನೆ ಬರೆದು ಕೊಡಬೇಕಾ, ಎಲ್ಲ ಅಲ್ಲಿರುತ್ತದೆ. ಇದನ್ನು ನೋಡದೆ ಆನ್‌ಲೈನಿನಲ್ಲಿ ಅಗ್ಗದ ಕೋರ್ಸ್ ಸಿಕ್ಕಿತು ಎಂದು ಕಟ್ಟಿ, ಆಮೇಲೆ ನಿಮ್ಮ ರಾಜ್ಯ ಅದನ್ನು ಒಪ್ಪದೇ ಹೋದರೆ ದುಡ್ಡು ವಾಪಸ್ ಬರುವುದಿಲ್ಲ. ಎರಡು ರಾಜ್ಯಗಳ ಗಡಿಯಲ್ಲಿ ಇರುವವರು, ಉದಾಹರಣೆಗೆ ಫಿಲಡೆಲ್ಫಿಯಾ ಸುತ್ತ ಇದ್ದು ನ್ಯೂಜೆರ್ಸಿಯಲ್ಲೂ ಕೆಲಸ ಹಿಡಿಯುವವರು, ಎರಡೂ ಕಡೆಯ ಅನುಮತಿ ಪಡೆಯಬೇಕು.

ಟೆಸ್ಟಿಂಗ್ ಮೊದಲು, ಮಿಟಿಗೇಶನ್ ಆಮೇಲೆ

ಸರ್ಟಿಫಿಕೇಟ್ ಎರಡು ದಾರಿಯಲ್ಲಿ ಸಿಗುತ್ತದೆ, ಅಳೆಯುವವರದ್ದು ಒಂದು, ಸರಿಮಾಡುವವರದ್ದು ಇನ್ನೊಂದು. ಒಂದೇ ಸಲ ಎರಡಕ್ಕೂ ಕೈ ಹಾಕುವ ಉತ್ಸಾಹ ಅರ್ಥವಾಗುತ್ತದೆ, ಯಾಕೆಂದರೆ ದುಡ್ಡು ಇರುವುದು ಮಿಟಿಗೇಶನ್‌ನಲ್ಲಿ. ಆದರೆ ಅಳೆಯಲು ಬರದವರು ಸರಿಮಾಡಲು ಹೋದರೆ, ಸರಿ ಹೋಯಿತೋ ಇಲ್ಲವೋ ಎಂದು ಅವರಿಗೇ ತಿಳಿಯುವುದಿಲ್ಲ. ಮೊದಲು ಟೆಸ್ಟಿಂಗ್ ಮಾಡಿ. ಹತ್ತಾರು ಮನೆಗಳ ಬೇಸ್‌ಮೆಂಟ್ ನೋಡಿ. ಆಮೇಲೆ ಡ್ರಿಲ್ ಹಿಡಿಯಿರಿ.

ಟೆಸ್ಟಿಂಗಿಗೆ ಎನ್‌ಆರ್‌ಪಿಪಿ ಒಪ್ಪಿದ ಮೊದಲ ಹಂತದ ಕೋರ್ಸ್ 16 ಗಂಟೆಯದ್ದು. ಕ್ಲಾಸಿಗೆ ಹೋಗಿಯೂ ಮಾಡಬಹುದು, ಆನ್‌ಲೈನಿನಲ್ಲೂ ಮಾಡಬಹುದು. ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ಮೊದಲ ಭಾಗ ಆಟದ ಹಾಗೆ ಇರುತ್ತದೆ. ಎರಡನೇ ಭಾಗದಲ್ಲಿ ಅಳತೆಯ ನಿಯಮಗಳು, ಗುಣಮಟ್ಟದ ಲೆಕ್ಕಗಳು ಬರುತ್ತವೆ. ಎಂಜಿನಿಯರಿಂಗ್ ಮಾಡಿದವರು ಇದನ್ನು ಹಗುರವಾಗಿ ತೆಗೆದುಕೊಂಡು ಎಡವುವುದು ಇಲ್ಲೇ. ಆಮೇಲೆ ಪರೀಕ್ಷೆ. ಆಯ್ಕೆ ಮಾದರಿಯ ಪ್ರಶ್ನೆಗಳು, ಮೇಲ್ವಿಚಾರಕರ ಕಣ್ಣ ಮುಂದೆ ಬರೆಯಬೇಕು.

ಲೆಕ್ಕಗಳ ರುಚಿ ನೋಡಿ. ಲೀಟರಿಗೆ 1 ಪಿಕೋಕ್ಯೂರಿ ಅಂದರೆ ಘನ ಮೀಟರಿಗೆ 37 ಬೆಕೆರೆಲ್, ಹಾಗಾಗಿ 4 ಅಂದರೆ 148. ರೇಡಾನ್‌ನಿಂದ ಹುಟ್ಟುವ ಪೊಲೋನಿಯಂನಂಥ ಕಣಗಳನ್ನು ಅಳೆಯುವ ವರ್ಕಿಂಗ್ ಲೆವೆಲ್ ಎಂಬ ಹಳೆಯ ಗಣಿಗಳ ಕಾಲದ ಮಾನ ಇನ್ನೂ ಬಳಕೆಯಲ್ಲಿದೆ. ರೇಡಾನನ್ನು ಸಮತೋಲನ ಅನುಪಾತದಿಂದ (ಆ ಕಣಗಳಲ್ಲಿ ಗಾಳಿಯಲ್ಲೇ ಉಳಿಯುವ ಪಾಲು) ಗುಣಿಸಿ 100ರಿಂದ ಭಾಗಿಸಿದರೆ ಅದು ಬರುತ್ತದೆ. ಅನುಪಾತ 0.5 ಎಂದು ಹಿಡಿದರೆ 4 ಪಿಕೋಕ್ಯೂರಿಗೆ 0.02 ವರ್ಕಿಂಗ್ ಲೆವೆಲ್. ಇದನ್ನು ತಿರುಗಾ ಮುರುಗಾ ಕೇಳುತ್ತಾರೆ. ಅನುಪಾತ ಎಷ್ಟು ಎಂದೂ ಕೇಳಬಹುದು, ಸೂತ್ರ ಬಾಯಿಪಾಠ ಮಾಡಿದವರು ಆಗ ಪೆನ್ಸಿಲ್ ಕಚ್ಚುತ್ತಾರೆ.

ಇನ್ನೊಂದು, ನಕಲು ಅಳತೆ. ಒಂದೇ ಜಾಗದಲ್ಲಿ ಪಕ್ಕಪಕ್ಕ ಎರಡು ಡಿಟೆಕ್ಟರ್ ಇಟ್ಟು ಎರಡೂ ಎಷ್ಟು ಹೊಂದುತ್ತವೆ ಎಂದು ನೋಡುವುದು. ಒಂದು 4.2 ತೋರಿಸಿತು, ಇನ್ನೊಂದು 5.0. ವ್ಯತ್ಯಾಸ 0.8, ಸರಾಸರಿ 4.6, ಭಾಗಿಸಿದರೆ ಸುಮಾರು ಶೇ. 17. ಸರಾಸರಿ 4ರ ಮೇಲೆ ಇದ್ದಾಗ ಶೇ. 28 ದಾಟಿದರೆ ಎಚ್ಚರಿಕೆ, ಶೇ. 36 ದಾಟಿದರೆ ನಿಮ್ಮ ಪದ್ಧತಿಯಲ್ಲೇ ಏನೋ ಎಡವಟ್ಟು. ಹಾಗಾಗಿ 17ಕ್ಕೆ ಗಾಬರಿ ಬೇಡ. ನೀವು ಮಾಡುವ ಟೆಸ್ಟುಗಳಲ್ಲಿ ನೂರಕ್ಕೆ 10ರಷ್ಟಕ್ಕೆ ಹೀಗೆ ನಕಲು ಇಡಬೇಕು. ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಕ್ಯಾನಿಸ್ಟರಿನಂಥ ಡಿಟೆಕ್ಟರ್ ಬಳಸುವುದಾದರೆ ನೂರಕ್ಕೆ 5 ಖಾಲಿ ಡಬ್ಬಿಗಳನ್ನು, ಅಂದರೆ ಮುಚ್ಚಳವೇ ತೆಗೆಯದವನ್ನು, ಲ್ಯಾಬಿಗೆ ಗುಟ್ಟಾಗಿ ಕಳಿಸಬೇಕು. ನೂರಕ್ಕೆ 3, ಪ್ರಮಾಣ ಮೊದಲೇ ಗೊತ್ತಿರುವ ರೇಡಾನ್‌ಗೆ ಒಡ್ಡಿದ ಡಬ್ಬಿಗಳು. ಲ್ಯಾಬ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೀವೇ ಪರೀಕ್ಷೆ ಮಾಡುವ ಉಪಾಯ ಇದು. ಪರೀಕ್ಷೆ ಪಾಸಾದ ಮರುದಿನವೇ ಇದನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆಯುವವರು ಜಾಸ್ತಿ. ರಾಜ್ಯದವರು ದಿಢೀರ್ ತಪಾಸಣೆಗೆ ಬಂದು ಕೇಳುವ ಮೊದಲ ಫೈಲೂ ಇದೇ.

ಯಂತ್ರ

ಮನೆಗೆಂದು ಅಮೆಜಾನಿನಲ್ಲಿ ಸಿಗುವ ಡಿಜಿಟಲ್ ಮೀಟರಿನಿಂದ ವೃತ್ತಿಯ ಟೆಸ್ಟ್ ಮಾಡುವಂತಿಲ್ಲ. ಸಂಸ್ಥೆಗಳ ಒಪ್ಪಿಗೆ ಪಟ್ಟಿಯಲ್ಲಿರುವ ಯಂತ್ರವೇ ಬೇಕು. ಇದ್ದಿಲು ಕ್ಯಾನಿಸ್ಟರ್ ಅಗ್ಗ, ಆದರೆ ಲ್ಯಾಬಿಗೆ ಕಳಿಸಿ ಕಾಯಬೇಕು. ಎಲೆಕ್ಟ್ರೆಟ್ ಎಂಬುದು ಇನ್ನೊಂದು ಬಗೆ, ಅದರ ಡಿಸ್ಕಿನ ವೋಲ್ಟೇಜ್ ಎಷ್ಟು ಇಳಿಯಿತು ಎಂದು ನೋಡಿ ಲೆಕ್ಕ ಹಾಕುವುದು. ಮೂರು ತಿಂಗಳು, ವರ್ಷದ ಟೆಸ್ಟಿಗೆ ಆಲ್ಫಾ ಕಣಗಳ ಗುರುತು ಉಳಿಸಿಕೊಳ್ಳುವ ಆಲ್ಫಾ ಟ್ರ್ಯಾಕ್. ಮನೆ ಮಾರಾಟದ ಕೆಲಸ ಹಿಡಿಯುವುದಾದರೆ ಮಾತ್ರ ಗಂಟೆಗಂಟೆಗೂ ದಾಖಲಿಸುವ ಕಂಟಿನ್ಯೂಯಸ್ ಮಾನಿಟರ್ ಇಲ್ಲದೆ ಆಗುವುದಿಲ್ಲ. ಖರೀದಿ ಒಪ್ಪಂದದಲ್ಲಿ ದಿನಗಳು ಎಣಿಸಿ ಕೊಟ್ಟಿರುತ್ತಾರೆ, ಲ್ಯಾಬಿಗೆ ಕಾಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಮಾನಿಟರ್ ಕೊಂಡರೆ ಖರ್ಚು ಮುಗಿಯಿತು ಎಂದುಕೊಳ್ಳಬೇಡಿ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್‌ಗೆ, ಅಂದರೆ ಅಳತೆ ಸರಿ ಇದೆಯೇ ಎಂದು ನೋಡಿ ಹೊಂದಿಸಲು, ಕಳಿಸಬೇಕು. ಅದು ಹೋಗಿ ಬರುವವರೆಗೆ ನಿಮ್ಮ ಕೈ ಖಾಲಿ. ಒಂದೇ ಯಂತ್ರ ಇರುವವರು ಕೆಲಸ ಕಡಿಮೆ ಇರುವ ತಿಂಗಳು ನೋಡಿ ಕಳಿಸುತ್ತಾರೆ. ಜನವರಿಯಲ್ಲಿ ಮಾತ್ರ ಕಳಿಸಬೇಡಿ. ಅಮೆರಿಕದಲ್ಲಿ ಅದು ರೇಡಾನ್ ಜಾಗೃತಿ ತಿಂಗಳು, ಫೋನ್ ಬರುವುದೇ ಆಗ.

ಮನೆಯೊಳಗೆ

ಇಲ್ಲಿಂದ ಮುಂದಿನದು ಪುಸ್ತಕದಲ್ಲೂ ಇದೆ, ಆದರೆ ಮನೆಯೊಳಗೆ ಹೋದಾಗಲೇ ತಲೆಗೆ ಹತ್ತುವುದು. ಮನೆಗಳ ಅಳತೆಗೆ ಎಂಎಎಚ್ ಎಂಬ ರಾಷ್ಟ್ರೀಯ ಮಾನದಂಡ ಇದೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಜನ ವಾಸ ಮಾಡುವ ಅತಿ ಕೆಳಗಿನ ಅಂತಸ್ತಿನಲ್ಲಿ ಟೆಸ್ಟ್. ಮಾರಾಟದ ಮನೆಯಾದರೆ, ಕೊಳ್ಳುವವರು ವಾಸಕ್ಕೆ ಬಳಸಬಹುದಾದ ಅತಿ ಕೆಳಗಿನ ಅಂತಸ್ತು. ನಮ್ಮವರ ಮನೆಯಲ್ಲಿ ಇದಕ್ಕೆ ವಿಶೇಷ ಅರ್ಥ ಇದೆ. ಬೇಸ್‌ಮೆಂಟ್ ಫಿನಿಶ್ ಮಾಡಿಸಿ ಅಲ್ಲೊಂದು ರೂಮು ಮಾಡಿ, ಊರಿಂದ ಬಂದ ಅಪ್ಪ ಅಮ್ಮನನ್ನು ಆರು ತಿಂಗಳು ಅಲ್ಲೇ ಮಲಗಿಸುತ್ತಾರೆ. ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಬಾತ್‌ರೂಮ್ ಪಕ್ಕದಲ್ಲೇ ಇದೆ ಎಂದು. ಮನೆಯಲ್ಲಿ ರೇಡಾನ್ ಸಾಮಾನ್ಯವಾಗಿ ಜಾಸ್ತಿ ಇರುವುದು ಅಲ್ಲೇ. “ಬೇಸ್‌ಮೆಂಟಿನಲ್ಲಿ ಯಾರೂ ಇರಲ್ಲ, ಮೇಲೆ ಇಡಿ” ಎಂದು ಮನೆಯವರು ಹೇಳಿದಾಗ, ಊರಿಂದ ಯಾರಾದರೂ ಬಂದರೆ ಎಲ್ಲಿ ಮಲಗುತ್ತಾರೆ ಎಂದು ಕೇಳಿ ನೋಡಿ.

ಡಿಟೆಕ್ಟರ್ ನೆಲದಿಂದ ಕನಿಷ್ಠ 20 ಇಂಚು ಮೇಲೆ ಇರಬೇಕು. ಹೊರಗಿನ ಬಾಗಿಲು ಕಿಟಕಿಗಳಿಂದ 3 ಅಡಿ, ಹೊರಗೋಡೆಯಿಂದ 1 ಅಡಿ, ಬೇರೆ ವಸ್ತುಗಳಿಂದ 4 ಇಂಚು ದೂರ. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ರೂಮು ಬೇಡ, ನೆಲದಡಿಯ ನೀರು ಬಂದು ಸೇರುವ ಸಂಪ್ ಗುಂಡಿಯ ಪಕ್ಕವೂ ಬೇಡ. ಕಡಿಮೆ ಎಂದರೆ 48 ಗಂಟೆ. ನಾಲ್ಕು ದಿನಕ್ಕಿಂತ ಕಡಿಮೆ ಅವಧಿಯ ಟೆಸ್ಟಾದರೆ ಶುರುವಾಗುವ 12 ಗಂಟೆ ಮುಂಚಿನಿಂದ ಮುಗಿಯುವವರೆಗೆ ಕಿಟಕಿ ಬಾಗಿಲು ಮುಚ್ಚಿರಬೇಕು, ಓಡಾಡಲು ತೆಗೆದು ಮುಚ್ಚಬಹುದು ಅಷ್ಟೆ. ಹೀಟರ್, ಎಸಿ ಎಂದಿನಂತೆ ಓಡಲಿ. ಹೊರಗಿನ ಗಾಳಿ ಎಳೆಯುವ ಕಿಟಕಿ ಫ್ಯಾನ್, ಇಡೀ ಮನೆಯ ಫ್ಯಾನ್ ಬೇಡ.

ನಮ್ಮವರ ಮನೆಯಲ್ಲಿ ಬರುವ ಪ್ರಶ್ನೆ ಒಂದೇ: “ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಬಾರದಾ?” ತೆಗೆಯಬಾರದು. ಅಡುಗೆಮನೆಯ ಸಣ್ಣ ಎಕ್ಸಾಸ್ಟ್ ಸ್ವಲ್ಪ ಹೊತ್ತು ಹಾಕಿಕೊಳ್ಳಬಹುದು. ಬಾಯಲ್ಲಿ ಹೇಳಿದ್ದನ್ನು ಜನ ಮರೆಯುತ್ತಾರೆ, ಅದಕ್ಕೆ ಒಂದು ಹಾಳೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು, ಬಾಗಿಲಿಗೂ ಒಂದು ಅಂಟಿಸಬೇಕು.

ಇಷ್ಟಾದರೂ ಆಗುವುದು ಆಗುತ್ತದೆ. ಗಂಟೆವಾರು ಗ್ರಾಫ್ ನೋಡಿ. ರಾತ್ರಿ 7, 7.3, 6.9 ಎಂದು ಹೋಗುತ್ತಿದ್ದದ್ದು ಸಂಜೆ ಆರರಿಂದ ಒಂಬತ್ತರವರೆಗೆ 2ಕ್ಕೆ ಬಿದ್ದು, ಹತ್ತರ ಹೊತ್ತಿಗೆ ನಿಧಾನವಾಗಿ ಏರಲು ಶುರುವಾದರೆ, ಅಲ್ಲಿ ಯಾರೋ ಕಿಟಕಿ ತೆಗೆದಿದ್ದಾರೆ. ಅದೇ ಗಂಟೆಗಳಲ್ಲಿ ತಾಪಮಾನವೂ ಇಳಿದಿದ್ದರೆ ಮಾತೇ ಇಲ್ಲ. ಒಳ್ಳೆಯ ಮಾನಿಟರುಗಳು ತಮ್ಮನ್ನು ಯಾರಾದರೂ ಎತ್ತಿ ಇಟ್ಟರೆ ಅದನ್ನೂ ಬರೆದುಕೊಳ್ಳುತ್ತವೆ. ಆಗ ಏನು ಮಾಡಬೇಕು? ಜಗಳ ಬೇಡ, ಆರೋಪವೂ ಬೇಡ. ಟೆಸ್ಟ್ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು ಎಂದು ಬರೆದುಕೊಡಿ. ಮಾರುವವರ ಕಡೆಯ ಏಜೆಂಟ್ ಮುಖ ಸಿಂಡರಿಸಬಹುದು, ಸಿಂಡರಿಸಲಿ. ಸರಾಸರಿ 3.8 ಬಂದಿದೆಯಲ್ಲ ಪಾಸ್ ಮಾಡಿ ಎನ್ನುವವರ ಮಾತಿಗೆ ಒಮ್ಮೆ ತಲೆಯಾಡಿಸಿದರೆ ನಿಮ್ಮ ಸಹಿಗೆ ಬೆಲೆ ಹೋಯಿತು.

ಗ್ರಾನೈಟ್ ಬಗ್ಗೆಯೂ ಕೇಳುತ್ತಾರೆ. ಕಿಚನ್ ಕೌಂಟರಿನ ಕಲ್ಲು ನಮ್ಮ ಕಡೆಯಿಂದಲೇ ಬಂದಿರಬಹುದು, ಅದರಿಂದ ರೇಡಾನ್ ಬರುತ್ತಾ ಎಂದು. ಸ್ವಲ್ಪ ಬರಬಹುದು, ಆದರೆ ಮನೆಯ ರೇಡಾನ್‌ನಲ್ಲಿ ಅದರ ಪಾಲು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ, ಹೆಚ್ಚಿನದು ಬರುವುದು ನೆಲದಿಂದ. ಊರಿನ ಮನೆಗಳಲ್ಲೂ ರೇಡಾನ್ ಇದೆ, ಮೈಸೂರು ವಿಶ್ವವಿದ್ಯಾಲಯದವರು ಅಲ್ಲಿನ ಮನೆಗಳಲ್ಲಿ ಅಳೆದೂ ಇದ್ದಾರೆ. ಆದರೆ ಬೇಸ್‌ಮೆಂಟ್ ಇಲ್ಲದ, ಕಿಟಕಿ ದಿನವಿಡೀ ತೆರೆದೇ ಇರುವ ಮನೆ ಬೇರೆ, ಚಳಿಗಾಲವಿಡೀ ಮುಚ್ಚಿಟ್ಟ ಮನೆ ಬೇರೆ. ಬಿಸಿ ಗಾಳಿ ಮೇಲಿನಿಂದ ಸೋರಿ ಹೋದಷ್ಟೂ ಈ ಮನೆ ಕೆಳಗಿನ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಮಿಟಿಗೇಶನ್

ಈ ಎಳೆತವನ್ನೇ ತಿರುಗಿಸುವುದು ಮಿಟಿಗೇಶನ್. ಕಾಂಕ್ರೀಟ್ ನೆಲ ಕೊರೆದು, ಕೆಳಗಿನ ಜಲ್ಲಿ ಮಣ್ಣು ತೋಡಿ ಒಂದು ಗುಂಡಿ ಮಾಡಿ, 3 ಅಥವಾ 4 ಇಂಚಿನ ಪಿವಿಸಿ ಪೈಪ್ ಇಳಿಸಿ, ಫ್ಯಾನ್ ಹಾಕಿ, ನೆಲದಡಿಯ ಗಾಳಿಯನ್ನು ಸೂರಿನ ಮೇಲೆ ಬಿಡುವುದು. ಇದಕ್ಕೆ ತರಬೇತಿ ಟೆಸ್ಟಿಂಗ್‌ಗಿಂತ ಜಾಸ್ತಿ. ಕೈಯಿಂದ ಮಾಡಿ ಕಲಿಯುವ ಭಾಗ ಇರುವ ಕೋರ್ಸನ್ನೇ ಆರಿಸಿ, ಪರೀಕ್ಷೆಯೂ ಬೇರೆ. ಸಾಧ್ಯವಾದರೆ ಮೊದಲು ಲೈಸೆನ್ಸ್ ಇರುವ ಕಂಪನಿಯೊಂದರಲ್ಲಿ ಇನ್‌ಸ್ಟಾಲರ್ ಆಗಿ ಕೆಲಸಕ್ಕೆ ಸೇರಿ. ಸಂಬಳ ತೆಗೆದುಕೊಂಡು ಕಲಿಯುವ ಅವಕಾಶ ಈ ಕಸುಬಿನಲ್ಲಿ ಇನ್ನೂ ಇದೆ. ಹಲವು ರಾಜ್ಯಗಳು ಇಂಥ ಸಹಾಯಕರಿಗೆ ಬೇರೆ ಹಂತದ ಲೈಸೆನ್ಸ್ ಇಟ್ಟಿವೆ.

ಇಡೀ ಕೆಲಸದಲ್ಲಿ ಬುದ್ಧಿ ಬೇಕಾಗುವುದು ಪೈಪ್ ಹಾಕುವಾಗ ಅಲ್ಲ, ಅದಕ್ಕೆ ಮುಂಚೆ. ಒಂದು ಕಡೆ ತೂತು ಕೊರೆದು ಅದಕ್ಕೆ ಶಾಪ್ ವ್ಯಾಕ್ಯೂಮ್ ಹಚ್ಚಿ, ನೆಲದ ದೂರದ ಮೂಲೆಗಳಲ್ಲಿ ಸಣ್ಣ ತೂತು ಕೊರೆದು, ಅಲ್ಲಿಯವರೆಗೂ ಎಳೆತ ಮುಟ್ಟಿದೆಯೇ ನೋಡಬೇಕು. ಹೊಗೆ ಕಡ್ಡಿಯನ್ನು ಆ ತೂತಿನ ಬಾಯಿಗೆ ಹಿಡಿಯಿರಿ. ಹೊಗೆ ಸರ್ರನೆ ಒಳಗಿಳಿದರೆ ಕೆಳಗೆ ಜಲ್ಲಿ ಇದೆ, ಒಂದೇ ಪೈಪ್ ಸಾಕಾಗಬಹುದು. ತೂತಿನ ಮೇಲೆ ಸುಮ್ನೆ ತೇಲುತ್ತಾ ನಿಂತರೆ ಕೆಳಗೆ ಒತ್ತಾದ ಜೇಡಿಮಣ್ಣು, ಅಥವಾ ನಡುವೆ ಯಾವುದೋ ಪಾಯದ ಗೋಡೆ ಅಡ್ಡ ಇದೆ. ಗಾಳಿಯ ಸಣ್ಣ ಒತ್ತಡ ಅಳೆಯುವ ಮೈಕ್ರೋಮಾನೋಮೀಟರ್ ಇಟ್ಟು ಅಂಕಿಯನ್ನೂ ಬರೆದುಕೊಳ್ಳಬೇಕು. ಎಷ್ಟು ಗುಂಡಿ, ಯಾವ ಫ್ಯಾನ್ ಎಂಬುದು ತೀರ್ಮಾನ ಆಗುವುದು ಇದರಿಂದ. ಜೇಡಿಗೆ ಒತ್ತಡ ಜಾಸ್ತಿ ಕೊಡುವ ಫ್ಯಾನ್ ಬೇಕು, ಜಲ್ಲಿಗೆ ಗಾಳಿ ಜಾಸ್ತಿ ಎಳೆಯುವ ಫ್ಯಾನ್. ಇದನ್ನು ಬಿಟ್ಟು ಎಲ್ಲ ಮನೆಗೂ ಒಂದೇ ದೊಡ್ಡ ಫ್ಯಾನ್ ಜಡಿಯುವವರು ಇದ್ದಾರೆ. ಸದ್ದು, ಕರೆಂಟ್ ಬಿಲ್ ಎರಡೂ ಮನೆಯವರ ತಲೆ ಮೇಲೆ.

ಕ್ರಾಲ್ ಸ್ಪೇಸ್, ಅಂದರೆ ಮನೆಯ ಅಡಿಯಲ್ಲಿ ತೆವಳುವಷ್ಟೇ ಜಾಗ, ಇರುವ ಮನೆಯಾದರೆ ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚುಗಳನ್ನು ಗೋಡೆಗೆ ಅಂಟಿಸಿ, ಹಾಳೆಯ ಕೆಳಗಿನಿಂದ ಎಳೆಯಬೇಕು. ಅಲ್ಲಿ ಅರ್ಧ ದಿನ ಹೊಟ್ಟೆ ಮೇಲೆ ತೆವಳಬೇಕಾಗುತ್ತದೆ, ಇಲಿ, ಜೇಡ ಎಲ್ಲ ಜೊತೆಗಿರುತ್ತವೆ. ಆಫೀಸಿನ ಕುರ್ಚಿಯಿಂದ ನೇರ ಬಂದವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಿರುಕು ಮುಚ್ಚುವುದಷ್ಟರಿಂದಲೇ ರೇಡಾನ್ ಇಳಿಯುವುದಿಲ್ಲ, ಅದು ಎಳೆತಕ್ಕೆ ಸಹಾಯ ಅಷ್ಟೆ.

ಫ್ಯಾನ್ ಎಲ್ಲಿ ಇಡುತ್ತೀರಿ ಎಂಬುದರಲ್ಲಿ ರಾಜಿ ಇಲ್ಲ. ಮನೆಯ ಹೊರಗೆ, ಅಟ್ಟದಲ್ಲಿ, ಅಥವಾ ಮೇಲೆ ವಾಸದ ಕೋಣೆ ಇಲ್ಲದ ಗ್ಯಾರೇಜಿನಲ್ಲಿ. ವಾಸದ ಜಾಗದ ಒಳಗೋ ಕೆಳಗೋ ಇಟ್ಟರೆ, ಫ್ಯಾನ್ ದಾಟಿದ ಪೈಪು ಎಲ್ಲಾದರೂ ಸೋರಿದಾಗ ಗಟ್ಟಿ ರೇಡಾನ್ ನೇರ ಮನೆಯೊಳಗೆ. ಗಾಳಿ ಬಿಡುವ ಬಾಯಿ ನೆಲದಿಂದ 10 ಅಡಿ ಮೇಲೆ, ಸೂರಿಗಿಂತ ಎತ್ತರ, ಹತ್ತಿರ ಕಿಟಕಿಗಳಿಲ್ಲದ ಕಡೆ. ಪೈಪು ಗುಂಡಿಯ ಕಡೆಗೇ ಇಳಿಜಾರಾಗಿರಬೇಕು, ಚಳಿಯಲ್ಲಿ ಒಳಗೆ ನೀರು ಕಟ್ಟುತ್ತದೆ, ಅದು ಮಣ್ಣಿಗೇ ವಾಪಸ್ ಹೋಗಲಿ. ಗ್ಯಾಸ್ ಬಾಯ್ಲರ್, ವಾಟರ್ ಹೀಟರ್ ಇದ್ದರೆ ನಿಮ್ಮ ಎಳೆತದಿಂದ ಅದರ ಹೊಗೆ ಮನೆಯೊಳಗೆ ತಿರುಗುತ್ತಿಲ್ಲ ಎಂದು ಪರೀಕ್ಷಿಸದೆ ಅಲ್ಲಿಂದ ಹೊರಡಬೇಡಿ. ರೇಡಾನ್ ಕೊಲ್ಲುವುದು ವರ್ಷಗಳಲ್ಲಿ, ಕಾರ್ಬನ್ ಮಾನಾಕ್ಸೈಡ್ ಒಂದೇ ರಾತ್ರಿಯಲ್ಲಿ.

ಪೈಪಿನ ಮೇಲೆ ಯು ಆಕಾರದ ಮಾನೋಮೀಟರ್ ಕೂರಿಸಿ. ಎರಡು ಕಡೆಯ ಬಣ್ಣದ ದ್ರವ ಒಂದು ಮೇಲೆ ಒಂದು ಕೆಳಗೆ ಇದ್ದರೆ ಫ್ಯಾನ್ ಎಳೆಯುತ್ತಿದೆ. ಸಮ ಆಗಿದ್ದರೆ ನಿಂತಿದೆ. ಇದನ್ನು ಮನೆಯವರನ್ನು ಕರೆದು ತೋರಿಸಿ. ಸಮ ಇದ್ದರೆ ಒಳ್ಳೆಯದು ಎಂದು ತಿಳಿದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಫ್ಯಾನ್ ಶುರುವಾಗಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಟೆಸ್ಟ್ ಆಗಬೇಕು. ಎರಡು ವರ್ಷಕ್ಕೊಮ್ಮೆ ಮತ್ತೆ ಅಳೆಯಲು ಹೇಳಿ.

ಕಾಂಕ್ರೀಟ್ ಕೊರೆಯುವಾಗ ಏಳುವ ಸಿಲಿಕಾ ಧೂಳು ನಿಮ್ಮ ಪುಪ್ಪುಸಕ್ಕೇ ಹಾನಿ. ನೀರು ಹಾಕಿ ಕೊರೆಯಿರಿ ಅಥವಾ ಧೂಳೆಳೆಯುವ ಯಂತ್ರ ಜೋಡಿಸಿ, ಸರಿಯಾದ ಮಾಸ್ಕ್ ಹಾಕಿ. ಫ್ಯಾನಿಗೆ ಕರೆಂಟ್ ಎಳೆಯಲು ಬಹಳ ಕಡೆ ಎಲೆಕ್ಟ್ರಿಷಿಯನ್ ಲೈಸೆನ್ಸ್ ಬೇಕು, ಊರಿನ ಪರ್ಮಿಟ್ ಕೂಡ ಬೇಕಾಗಬಹುದು.

ದುಡ್ಡು, ಇನ್ಶೂರೆನ್ಸ್, ಮರ್ಯಾದೆ

ಒಂದು ಸಾಮಾನ್ಯ ಮನೆಯ ಮಿಟಿಗೇಶನ್‌ಗೆ 800ರಿಂದ 2,500 ಡಾಲರ್ ಎಂದು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದಾರೆ, ಈಗ ಬಹಳ ಊರುಗಳಲ್ಲಿ ಇದರ ಮೇಲಿನ ತುದಿಯನ್ನೇ ಲೆಕ್ಕ ಹಿಡಿಯಿರಿ. ಇನ್ಶೂರೆನ್ಸ್ ಕೊಳ್ಳುವಾಗ ಪಾಲಿಸಿಯ ಸಣ್ಣ ಅಕ್ಷರ ಓದಿ. ಮಾಮೂಲಿ ವ್ಯಾಪಾರದ ಪಾಲಿಸಿಗಳು ಮಾಲಿನ್ಯಕ್ಕೆ ಸಂಬಂಧಿಸಿದ್ದನ್ನು ಹೊರಗಿಡುತ್ತವೆ, ರೇಡಾನ್ ಆ ಪಟ್ಟಿಯಲ್ಲಿ ಸೇರಿಬಿಡುತ್ತದೆ. ರೇಡಾನ್ ಹೆಸರು ಹಾಕಿ ರಕ್ಷಣೆ ಕೊಡುವ ಪಾಲಿಸಿಯೇ ಬೇಕು.

ಎರಡೂ ಸರ್ಟಿಫಿಕೇಟ್ ಇದ್ದವರು ತಾವೇ ಅಳೆದು, ಜಾಸ್ತಿ ಇದೆ ಎಂದು ತಾವೇ ಹೇಳಿ, ತಾವೇ ಸರಿಮಾಡಿ, ಸರಿಹೋಯಿತು ಎಂದು ತಾವೇ ಸಹಿ ಹಾಕಿದರೆ ಯಾರು ನಂಬುತ್ತಾರೆ? ಕೊನೆಯ ಟೆಸ್ಟನ್ನು ಬೇರೆಯವರಿಂದ ಮಾಡಿಸಲು ಹೇಳಿ. ನೀವೇ ಮಾಡಬೇಕಾಗಿ ಬಂದರೆ ನಿಮ್ಮ ಸಂಬಂಧವನ್ನು ಬರವಣಿಗೆಯಲ್ಲಿ ತಿಳಿಸಿ. ಕೆಲವು ರಾಜ್ಯಗಳಲ್ಲಿ ಪ್ರತಿ ಟೆಸ್ಟಿನ ಫಲಿತಾಂಶ ಸರ್ಕಾರಕ್ಕೂ ಕಳಿಸಬೇಕು, ಅದೂ ಗಮನದಲ್ಲಿರಲಿ.

ಕೆಲಸ ಬರುವುದು ಮುಖ್ಯವಾಗಿ ರಿಯಲ್ಟರ್ ಮತ್ತು ಹೋಮ್ ಇನ್‌ಸ್ಪೆಕ್ಟರ್‌ಗಳಿಂದ. ಇಲಿನಾಯ್‌ನಂಥ ಕಡೆ ಮನೆ ಮಾರುವವರು ರೇಡಾನ್ ಬಗ್ಗೆ ತಮಗೆ ಗೊತ್ತಿದ್ದದ್ದನ್ನು ಬರೆದು ಕೊಡಲೇಬೇಕು, ಹಾಗಾಗಿ ಅಲ್ಲಿ ಬೇಡಿಕೆ ಇದ್ದೇ ಇದೆ. ಕನ್ನಡ ಕೂಟದ ಪರಿಚಯದಿಂದ ಮೊದಲ ಕೆಲವು ಮನೆ ಸಿಗುತ್ತವೆ. ಕ್ಯಾನ್ಸರ್ ಹೆಸರು ಹೇಳಿ ಹೆದರಿಸಿ ಅಲ್ಲಿ ಫ್ಯಾನ್ ಮಾರಿದರೆ ಮುಂದಿನ ಯುಗಾದಿ ಊಟಕ್ಕೆ ಹೋಗುವುದು ಕಷ್ಟ. ಅಪಾರ್ಟ್‌ಮೆಂಟ್, ಶಾಲೆಗಳಂಥ ದೊಡ್ಡ ಕಟ್ಟಡಗಳಿಗೆ ಬೇರೆಯೇ ಮಾನದಂಡ ಇದೆ. ಕೇಂದ್ರ ವಸತಿ ಇಲಾಖೆಯ ನೆರವಿನ ಸಾಲ ಇರುವ ಬಹುಮಹಡಿ ಕಟ್ಟಡಗಳಿಗೆ ಟೆಸ್ಟ್ ಕೇಳುತ್ತಾರೆ, ಆದಾಯ ಒಳ್ಳೆಯದು, ಆದರೆ ಒಂದೆರಡು ವರ್ಷ ಮನೆಗಳಲ್ಲಿ ಕೈ ಪಳಗಿದ ಮೇಲೆ ನೋಡಿ.

ಕೆನಡಾದಲ್ಲಿ ಇರುವವರಿಗೆ ದಾರಿ ಬೇರೆ. ಅಲ್ಲಿನ ಸಂಸ್ಥೆ ಸಿ-ಎನ್‌ಆರ್‌ಪಿಪಿ, ಮಿತಿ ಘನ ಮೀಟರಿಗೆ 200 ಬೆಕೆರೆಲ್, ಟೆಸ್ಟ್ ಕನಿಷ್ಠ ಮೂರು ತಿಂಗಳದ್ದು. ಟೊರೊಂಟೊದಲ್ಲಿ ಕುಳಿತು ಅಮೆರಿಕದ ಕೋರ್ಸ್ ಮಾಡಿಕೊಳ್ಳಬೇಡಿ.

ಎನ್‌ಆರ್‌ಪಿಪಿ ಸರ್ಟಿಫಿಕೇಟ್ ಎರಡು ವರ್ಷದ್ದು. ನವೀಕರಣಕ್ಕೆ ಮುಂದುವರಿದ ತರಬೇತಿಯ ಗಂಟೆಗಳನ್ನು ತೋರಿಸಬೇಕು, ಅದನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ರಾಜ್ಯದ ಲೈಸೆನ್ಸ್ ದಿನಾಂಕ ಬೇರೆ, ಯಂತ್ರದ ಕ್ಯಾಲಿಬ್ರೇಶನ್ ದಿನಾಂಕ ಬೇರೆ, ಇನ್ಶೂರೆನ್ಸ್ ದಿನಾಂಕ ಬೇರೆ. ನಾಲ್ಕನ್ನೂ ಒಂದೇ ಕ್ಯಾಲೆಂಡರಿನಲ್ಲಿ ಹಾಕಿ, ಎರಡು ತಿಂಗಳು ಮುಂಚೆ ಎಚ್ಚರಿಸುವ ಹಾಗೆ ಇಟ್ಟುಕೊಳ್ಳಿ. ಕ್ಯಾಲಿಬ್ರೇಶನ್ ಅವಧಿ ಮುಗಿದ ಯಂತ್ರದಿಂದ ಮಾಡಿದ ಟೆಸ್ಟ್, ನಂಬರ್ ಎಷ್ಟೇ ಸರಿ ಇರಲಿ, ಊರ್ಜಿತವಲ್ಲ.